ಮೇಬಲ್ ಮನೆ ಮುಂದೆ ಊದಿದ ಕೊಂಬು

ಇಂಗ್ಲೆಂಡಿನ ಒಂದು ಹಳ್ಳಿ. ಅಲ್ಲಿಯ ಜಮೀನುದಾರ ಹಾರ್ಗ್ರೀವ್ ದೊರೆಗೆ ಗತ್ತು ಜಾಸ್ತಿ. ಕಾಡುಹಂದಿಗಳು ಅವನ ಹುಲ್ಲುಹಾಸನ್ನು ಅಗೆದು ಹಾಕಿದ್ದವು. ಸಿಟ್ಟು ತಿರುಗಿದ್ದು ಕಾಡಂಚಿನ ಒಕ್ಕಲು ಮುದುಕಿ ಮೇಬಲ್ ಮೇಲೆ.

ಜಾಡು ಹಿಡಿಯುವ ಆಳನ್ನು ಕರೆಸಿದ. "ಹಂದಿಗಳಿಗೆ ತಿನ್ನೋಕೆ ಹಾಕಿ ಕರೆಸಿಕೊಂಡವಳು ಅವಳೇ. ಊರವರ ಮುಂದೆ ಜಾಡು ತೋರಿಸು, ಅವಳ ಮನೆ ಖಾಲಿ ಮಾಡಿಸ್ತೀನಿ. ಇಲ್ಲದಿದ್ದರೆ ನೀನೂ ಗಂಟುಮೂಟೆ ಕಟ್ಟು."

ಆಳು ಕೆಸರಿನಲ್ಲಿ ಹಂದಿಗಳ ಹೆಜ್ಜೆ ಹುಡುಕುತ್ತ ಹೋದ. ಅವು ನೇರವಾಗಿ ದೊರೆಯ ನಾಯಿಮನೆಯ ಬೇಲಿಗೆ ಹೋಗಿದ್ದವು. ದಿನಾ ಸಂಜೆ ದೊರೆ ಅಲ್ಲಿ ಕೊಂಬೂದಿ ಬೇಟೆನಾಯಿಗಳನ್ನು ಕರೆದು, ಕೋಟಿನ ಜೇಬಿನಿಂದ ರೊಟ್ಟಿ ತೆಗೆದು ಎಸೆದು, ತಿರುಗಿ ನೋಡದೆ ಹೋಗುತ್ತಿದ್ದ. ಕೊಬ್ಬಿದ ನಾಯಿಗಳು ಬಿಟ್ಟದ್ದನ್ನು ಹಂದಿಗಳು ತಿನ್ನುತ್ತಿದ್ದವು. ಆಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅಂದು ಸಂಜೆ ಊರೆಲ್ಲ ಮೇಬಲ್ ಮನೆ ಮುಂದೆ ಸೇರಿತು.

"ದೊರೆಗಳೇ, ತಾವು ಕೊಂಬೂದದೆ ಇಂಥ ಬೇಟೆ ಶುರು ಮಾಡೋದು ಹೇಗೆ?" ಎಂದ ಆಳು.

ದೊರೆ ಮೀಸೆ ತೀಡಿ, ಎದೆಯುಬ್ಬಿಸಿ ಊದಿದ.

ಪೊದೆ ಅಲ್ಲಾಡಿತು. ತಾಯಿಹಂದಿ ಬಂತು, ಹಿಂದೆಯೇ ಮರಿಗಳು ಬಂದವು. ಮೇಬಲ್ ಕಡೆ ಒಂದೂ ನೋಡಲಿಲ್ಲ. ಸೀದಾ ದೊರೆಯ ಬೂಟು ಮೂಸಿ, ಅವನ ಮುಖವನ್ನೇ ನೋಡುತ್ತ ನಿಂತವು.

"ಹೋಗ್ರೋ," ಎಂದ ದೊರೆ, ಮೆಲ್ಲಗೆ. ಅವು ಇನ್ನೂ ಹತ್ತಿರ ಬಂದವು.

"ಜಾಡು ಸಿಕ್ತು ದೊರೆಗಳೇ," ಎಂದ ಆಳು. "ಯಾರ ಮನೆ ಖಾಲಿ ಮಾಡಿಸೋಣ?"

ಮೇಬಲ್ ಬಾಗಿಲಿಂದಲೇ ಹೇಳಿದಳು: "ಯಾರದ್ದೂ ಬೇಡ ಬಿಡಿ. ಪಾಪ, ಮರಿಗಳು ಕಾಯ್ತಾ ಇವೆ."

ದೊರೆಯ ಕೈ ತಾನಾಗಿಯೇ ಜೇಬಿಗೆ ಹೋಯಿತು.