ಉಸಿರು ಹೊತ್ತ ಮೀನು

ಸಮುದ್ರಕ್ಕೆ ಉಪ್ಪು ಹಿಡಿದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಆಗ ಮೀನಿಗೂ ಮನುಷ್ಯರಿಗೂ ಮಾತುಕತೆ ಇತ್ತು. ನೀರೊಳಗೆ ಬಾಯಿ ತೆರೆಯಬೇಕೆಂದೂ ಇರಲಿಲ್ಲ, ಕಣ್ಣಲ್ಲೇ ಆಡಿದರೆ ಸಾಕಿತ್ತು.

ಆ ಕಾಲದಲ್ಲಿ ಮಂಕಾಳಿ ಎಂಬವಳೊಬ್ಬಳಿದ್ದಳು. ಸೊಂಟಕ್ಕೆ ಹಗ್ಗ ಕಟ್ಟಿ, ಭಾರದ ಕಲ್ಲು ಹಿಡಿದು ಸಮುದ್ರದ ತಳಕ್ಕೆ ಮುಳುಗಿ, ಬಂಡೆಗೆ ಅಂಟಿದ ಚಿಪ್ಪಿಕಲ್ಲು ಎಂಬ ಚಿಪ್ಪುಮೀನು ಕೀಳುವುದು ಅವಳ ಕೆಲಸ. ಮೇಲೆ ದೋಣಿಯಲ್ಲಿ ನಾದಿನಿ ಸುಬ್ಬಿ ಹಗ್ಗ ಹಿಡಿದು ಕೂತಿರುತ್ತಿದ್ದಳು. ಅತ್ತಿಗೆ ಮುಳುಗಿದ ಕೂಡಲೇ ಸುಬ್ಬಿಯೂ ಉಸಿರು ಕಟ್ಟುವಳು. ತನಗೆ ಇನ್ನು ತಾಳದು ಎನಿಸಿದಾಗ ಹಗ್ಗ ಎಳೆಯುವಳು. ಅವರ ಲೆಕ್ಕವೇ ಅದು.

ಒಂದು ಬೆಳಿಗ್ಗೆ ನೀರು ಬಹಳ ತಿಳಿಯಾಗಿತ್ತು. ಕೆಳಗಿಳಿದ ಮಂಕಾಳಿ ಚಿಪ್ಪು ಕೀಳುವುದನ್ನೇ ಮರೆತಳು. ಹಳದಿ ಪಟ್ಟೆಯ ಮೀನುಗಳು ಒಟ್ಟಿಗೆ ತಿರುಗಿದರೆ ಬಂಡೆಯೇ ಬೆಳಗುತ್ತಿತ್ತು. ಹವಳದಡಿ ಮುದಿ ಆಮೆಯೊಂದು ತೂಕಡಿಸುತ್ತಿತ್ತು. ಎಂಟು ಕಾಲಿನ ಅಷ್ಟಪದಿ ಅವಳನ್ನು ಕಂಡು ನಾಚಿ ಕಲ್ಲಿನ ಬಣ್ಣಕ್ಕೆ ತಿರುಗಿತು.

"ಎಷ್ಟು ಚಂದ ಇದ್ರಿ ನೀವೆಲ್ಲ," ಅಂದಳು ಮಂಕಾಳಿ.

ಬಂಡೆಯ ಬಿರುಕಿನಿಂದ ಪುಟ್ಟ ಬೂದು ಮೀನೊಂದು ಇಣುಕಿತು. "ನಾನೂ ಚಂದವಾ?"

"ಅದೆಂತ ಕೇಳುದು? ಇಂಥ ಕಣ್ಣು ಇಡೀ ಸಮುದ್ರದಲ್ಲಿ ಯಾರಿಗುಂಟು?"

ಅದುವರೆಗೂ ಅದಕ್ಕೆ ಯಾರೂ ಹಾಗೆ ಹೇಳಿರಲಿಲ್ಲ. ಮೀನು ಹಿಗ್ಗಿ, "ನಮ್ಮನೆ ನೋಡು ಬಾ," ಅಂದಿತು. ಬಿರುಕು ಕಿರಿದು, ಹಗ್ಗ ಸಿಕ್ಕಿಕೊಳ್ಳುತ್ತಿತ್ತು. ಮುಳುಗುವವರು ಎಂದೂ ಮಾಡಬಾರದ್ದನ್ನು ಮಂಕಾಳಿ ಮಾಡಿದಳು. ಹಗ್ಗ ಬಿಚ್ಚಿಟ್ಟು ಒಳಗೆ ಹೋದಳು.

ಅಷ್ಟರಲ್ಲಿ ಮೇಲೆ ಸುಬ್ಬಿಗೆ ಕಟ್ಟಿದ ಉಸಿರು ತಾಳದಾಯಿತು. ಅವಳು ಎಳೆದಳು. ಹಗ್ಗ ಬರಿದೇ ಮೇಲೆ ಬಂತು.

ಮಂಕಾಳಿ ಹೊರಬಂದು ನೋಡಿದರೆ ಹಗ್ಗವಿಲ್ಲ. ಉಳಿದ ಉಸಿರು ಅಷ್ಟು ದೂರ ಈಜಲು ಸಾಲದು. ಅವಳ ಎದೆ ಉರಿಯತೊಡಗಿತು.

"ನಾನು ಕರೆದದ್ದಕ್ಕೇ ಹೀಗಾಯ್ತು. ಇಲ್ಲೇ ಇರು, ಉಸಿರು ತರ್ತೇನೆ," ಎಂದು ಮೀನು ಬಾಲ ಬಡಿದು ಮೇಲಕ್ಕೆ ಹೋಯಿತು. ಗಾಳಿ ನುಂಗಿತು, ಇನ್ನೂ ನುಂಗಿತು, ತೆಂಗಿನಕಾಯಿಯಷ್ಟು ಗುಂಡಗಾಗುವವರೆಗೆ ನುಂಗಿತು. ಆದರೆ ಗಾಳಿ ತುಂಬಿದ ಹೊಟ್ಟೆ ಮುಳುಗುವುದುಂಟೇ? ಮೀನು ಹೊಟ್ಟೆ ಮೇಲಾಗಿ ತೇಲಿತು, ಎಷ್ಟು ಒದ್ದಾಡಿದರೂ ತೇಲಿತು.

ಬರಿ ಹಗ್ಗ ಹಿಡಿದು ಅಳುತ್ತಿದ್ದ ಸುಬ್ಬಿ ಅದರ ಕಣ್ಣು ನೋಡಿದಳು. "ನಿನ್ನ ಅತ್ತಿಗೆಗೆ ಉಸಿರು ತಂದಿದ್ದೇನೆ, ಕೆಳಗಿಳಿಯಲು ಆಗ್ತಿಲ್ಲ," ಅಂದಿತು ಕಣ್ಣು. ಸುಬ್ಬಿ ಬೇಗ ದೋಣಿಯಲ್ಲಿದ್ದ ಇನ್ನೊಂದು ಕಲ್ಲನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಟ್ಟಳು. ಮೀನು ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿತು. ಕಲ್ಲು ಇಳಿಯಿತು, ಮೀನೂ ಇಳಿಯಿತು.

ತಳದಲ್ಲಿ ಮೀನು ಮಂಕಾಳಿಯ ಬಾಯಿಗೆ ಬಾಯಿಟ್ಟು ಇದ್ದಬದ್ದ ಉಸಿರನ್ನೆಲ್ಲ ಕೊಟ್ಟಿತು. ಅವಳು ಹಗ್ಗ ಹಿಡಿದು ಎರಡು ಸಲ ಜಗ್ಗಿದಳು. ಸುಬ್ಬಿ ಎಳೆದಳು.

"ಇನ್ನೊಂದ್ಸಲ ಹಗ್ಗ ಬಿಚ್ಚು, ನಾನು ಎಳೆಯೂದೇ ಇಲ್ಲ ನೋಡು," ಎಂದು ಬೈಯುತ್ತಲೇ ಸುಬ್ಬಿ ಒದ್ದೆ ಅತ್ತಿಗೆಯನ್ನು ತಬ್ಬಿಕೊಂಡು ಅತ್ತಳು.

ಆ ಮೀನಿಗೆ ಅಂದಿನಿಂದ ಅದೇ ರೂಢಿಯಾಯಿತು. ಗಾಬರಿಯಾದರೆ ಸಾಕು, ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಬಲೆಯಲ್ಲಿ ಬಂದ ಗುಂಡು ಮೀನು ಮರಳ ಮೇಲೆ ಬಿದ್ದಿರುವುದನ್ನು ನೀನೂ ನೋಡಿದ್ದೀಯಲ್ಲ, ಮಗಾ? ಮೆಲ್ಲಗೆ ನೀರಿಗೆ ಬಿಟ್ಟರೂ ಅದು ಕೂಡಲೇ ಮುಳುಗುವುದಿಲ್ಲ. ಹೊಟ್ಟೆ ಮೇಲೆ ಮಾಡಿ ತೇಲುತ್ತಾ, ಯಾರಾದರೂ ಹಗ್ಗ ಬಿಡುತ್ತಾರೇನೋ ಎಂದು ಇಂದಿಗೂ ಸ್ವಲ್ಪ ಹೊತ್ತು ಕಾಯುತ್ತದೆ.