ಅಡವಯ್ಯ ಅಜ್ಜಾರು ಕತ್ತರಿ ಒರೆಸಿ ಕೊಟ್ಟಿದ್ದು

ನಮ್ಮ ಸಿದರಾಯಗ ಈಗ ಸ್ವಲ್ಪ ಹೊತ್ತಿನ ಮುಂಚೆ ಆಗಿದ್ದು ಹೇಳಿದ್ರ ನೀವು ನಂಬಂಗಿಲ್ಲ ನೋಡ್ರಿ. ಅವನೇ ಇನ್ನೂ ನಂಬವಲ್ಲ, ಮಠದ ಕಟ್ಟಿ ಮ್ಯಾಲೆ ಕುಂತು ತನ್ನ ಕೈ ತಾನೇ ತಿರುಗಿಸಿ ಮುರುಗಿಸಿ ನೋಡ್ಕೋತಾನ. ಕುಂದ್ರಿ, ಮೊದಲಿಂದ ಹೇಳ್ತೀನಿ, ನಡುವ ಬಾಯಿ ಹಾಕಬ್ಯಾಡ್ರಿ.

ಅಡವಯ್ಯ ಅಜ್ಜಾರದು ಮಠ ಅಂತ ಹೆಸರಷ್ಟೇ. ಒಂದು ಮಣ್ಣಿನ ಖೋಲಿ, ಮುಂದ ಗೇಣುದ್ದ ಪಡಸಾಲಿ, ಹಿಂದ ಬಚ್ಚಲ. ಆ ಬಚ್ಚಲ ನೀರು ಹರಿಯೋ ಕಡೆ ಹನ್ನೊಂದು ವರ್ಷದ ಹಿಂದ ಅಜ್ಜಾರು ಒಂದು ದ್ರಾಕ್ಷಿ ಕಡ್ಡಿ ಊರಿದ್ರು. ಒಂದೇ ಕುಡಿ ಬಿಟ್ಟು ಉಳಿದಿದ್ದೆಲ್ಲಾ ಚಿವುಟಿ, ಬಿದಿರ ಗಳಕ್ಕ ಕಟ್ಟಿ, ತಲಿಮಟ್ಟ ಬಂದಾಗ ತುದಿ ಮುರಿದು, ಎಡಕ್ಕೊಂದು ಬಲಕ್ಕೊಂದು ತೋಳು ತಂತಿ ಮ್ಯಾಲೆ ಹರಿಬಿಟ್ಟು, ಕೂಸಿನಂಗ ಬೆಳೆಸಿದ್ರು. ಅದರ ಹಣ್ಣು ಮಾರಂಗಿಲ್ಲ, ತಾವೂ ಬಾಯಿಗೆ ಹಾಕ್ಕೊಳ್ಳಂಗಿಲ್ಲ. ಹಣ್ಣಿನ ಕಾಲಕ್ಕ ಊರಾಗ ಯಾರ ಮನ್ಯಾಗ ಬಸುರಿಗೆ ಏಳು ತಿಂಗಳ ಕುಬಸ ಮಾಡ್ತಾರೋ ಆ ಮನಿಗೆ ಒಂದು ಗೊಂಚಲ, ಅಜ್ಜಾರೇ ನಡಕೊಂಡು ಹೋಗಿ ಕೊಟ್ಟು ಬರ್ತಾರ. ಯಾವ ಓಣಿ, ಯಾವ ಮಂದಿ ಅಂತ ಕೇಳೋದಿಲ್ಲ. ನಮ್ಮೂರಾಗ ಎಷ್ಟೋ ಹುಡುಗರು ಆ ದ್ರಾಕ್ಷಿ ತಿಂದ ತಾಯಂದಿರ ಹೊಟ್ಯಾಗ ಬೆಳೆದವರು.

ಇನ್ನ ಸಿದರಾಯ. ದ್ರಾಕ್ಷಿ ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೋ ಕೆಲಸ, ಅವರ ಮನೆತನದ್ದು. ಅವರಪ್ಪ ಸಾಯೋತನ ಅದನ್ನೇ ಮಾಡಿದ, ಮಗಗೂ ಅದೊಂದೇ ಬರ್ತೈತಿ. ಅದರಾಗ ಒಂದು ಹಿಕಮತ್ತು ಐತಿ. ಬ್ಯಾಸಿಗ್ಯಾಗ ಕತ್ತರಿಸಿದ್ರ ಕಡ್ಡಿಗೆ ಎರಡೇ ಕಣ್ಣು ಬಿಡಬೇಕು, ಕಣ್ಣಂದ್ರ ಚಿಗುರೋ ಗಂಟು. ಮಳಿ ಮುಗಿದ ಮ್ಯಾಲಿನ ಹಣ್ಣಿನ ಚಾಟ್ನಿಗೆ ಏಳು ಬಿಡಬೇಕು, ಯಾಕಂದ್ರ ಗೊಂಚಲ ಕುಂತಿರೋದೇ ಆರನೇದು ಏಳನೇದರಾಗ. ಹೋದ ವರ್ಷ ಇವನ ಕೈಗೆ ಬ್ಯಾಸಿಗಿ ರೂಢಿನೇ ಹತ್ತಿತ್ತು. ಮಾತಾಡ್ಕೋತ ಒಬ್ಬರ ತೋಟದಾಗ ಹಣ್ಣಿನ ಚಾಟ್ನಿಗೆ ನಾಲ್ಕು ಸಾಲು ಎರಡೆರಡು ಕಣ್ಣಿಗೆ ಕೊಯ್ದು ಒಗೆದ. ನಾಲ್ಕೂ ಸಾಲು ಬರೇ ತಪ್ಪಲ ಬಂತು, ಎಲಿ ಬಿಟ್ರ ಒಂದು ಗೊಂಚಲ ಇಲ್ಲ. ಊರ ಬಾಯಾಗ ನಾಲ್ಕು ಸಾಲು ನಾಲ್ಕು ಎಕರೆ ಆತು.

ಅಲ್ಲಿಂದ ಇವನ ಕೈಗೆ ಯಾರೂ ಕತ್ತರಿ ಕೊಟ್ಟಿಲ್ಲ. ಈ ಸಲ ಕತ್ತರಿಸೋರ ಟೋಳಿ ಎಲ್ಲಾ ಹಣ್ಣಿನ ಚಾಟ್ನಿಗೆ ಹೊಂಟ್ರೂ ಇವ ಗ್ವಾಡಿಗೆ ಮುಖ ಮಾಡಿ ಮಲಗಿದ್ದ. ನಾಳಿಗೆ ಕಬ್ಬು ಕಡಿಯೋರ ಸಂಗಾಟ ಹೋಗಿಬಿಡ್ತೀನಿ, ಇನ್ನ ಬಳ್ಳಿ ಮುಟ್ಟಂಗಿಲ್ಲ ಅಂದ. ನಿಮ್ಮಪ್ಪನ ವಿದ್ಯಾ ನಿನ್ನಲ್ಲಿಗೇ ಮುಗೀತೇನೋ ಅಂತ ಅವರವ್ವ ಮಹಾನಂದಾ ಅತ್ತು, ಒಮ್ಮೆ ಅಜ್ಜಾರ ಪಾದ ಹಿಡಿ ಅಂತ ಇವತ್ತ ಎಳಕೊಂಡು ಬಂದಳು. ಇವಗ ಸ್ವಾಮಿಗಳಂದ್ರ ಅಷ್ಟಕ್ಕಷ್ಟೇ. ಬೂದಿ ಹಚ್ಚಿದ್ರ ಕೈ ನೆಟ್ಟಗಾಗ್ತಾವೇನು ಅಂತ ದಾರಿತುಂಬ ಗೊಣಗಿದ.

ಅಜ್ಜಾರು ಬಳ್ಳಿ ಕೆಳಗ ಕಟ್ಟಿಗಿ ಮಣಿ ಮ್ಯಾಲೆ ಕುಂತಿದ್ರು. ಮಹಾನಂದಾ ಎಲ್ಲಾ ಹೇಳಿದಳು. ಅವರು ಬೂದಿನೂ ಕೊಡಲಿಲ್ಲ, ಉಪದೇಶನೂ ಮಾಡಲಿಲ್ಲ. ಪಕ್ಕದಾಗಿದ್ದ ಕತ್ತರಿ ತಗೊಂಡು ಅವನ ಕಡೆ ಚಾಚಿದ್ರು.

“ನನಗ ಕಣ್ಣು ಕಾಣವಲ್ಲವು. ನೀ ಮಾಡಪ್ಪ.”

ಸಿದರಾಯ ಎರಡು ಹೆಜ್ಜಿ ಹಿಂದ ಸರಿದ. ಊರಿಗೆಲ್ಲಾ ಇರೋದು ಈ ಒಂದು ಬಳ್ಳಿ, ಇದರ ಹಣ್ಣಿಗೆ ಬಸುರೇರು ಕಾಯ್ತಾರ. ಬ್ಯಾಡ್ರಿ ಅಜ್ಜಾರ ಅಂದ. ಅವರ ಕೈ ಹಂಗೇ ಚಾಚೇ ಇತ್ತು. ಎಷ್ಟೊತ್ತಂತ ನಿಲ್ತಾನ, ತಗೊಂಡ.

ಅಷ್ಟರಾಗ ಸುದ್ದಿ ಓಣಿಗೆ ಮುಟ್ಟಿ, ಕಂಪೌಂಡ್ ಗ್ವಾಡಿ ಮ್ಯಾಲೆ ಹೆಂಗಸರ ತಲಿ ಸಾಲು ಹಚ್ಚಿದ್ವು. ಬಂಗಾರೆವ್ವ ಅಂತ ಒಬ್ಬಾಕಿ, ಆಕಿ ಸೊಸಿಗೆ ಈಗ ಮೂರು ತಿಂಗಳು, ಅಲ್ಲಿಂದನೇ ಕೇಳಿದಳು.

“ಅಜ್ಜಾರ, ಈ ಸಲ ನನ್ನ ಸೊಸಿ ಉಡಿಯಾಗ ದ್ರಾಕ್ಷಿ ಹಾಕ್ತೀರೋ, ತಪ್ಪಲ ಹಾಕ್ತೀರೋ?”

ಎಲ್ಲಾರೂ ನಕ್ರು. ಸಿದರಾಯನ ಕಿವಿ ಕಾದ್ವು, ಲಗೂನ ಮುಗಿಸಿ ಓಡಿಬಿಡಬೇಕು ಅನ್ನೋ ಅವಸರದಾಗ ಎಡಗಡೆ ತೋಳಿನ ಮ್ಯಾಲೆ ಚಕಚಕ ಕತ್ತರಿ ಆಡಿಸಿದ. ಹನ್ನೆರಡು ಕಡ್ಡಿ ನೆಲಕ್ಕ ಬಿದ್ದ ಮ್ಯಾಲೆ ತಲಿ ಎತ್ತಿ ನೋಡ್ತಾನ, ಎಲ್ಲಾ ಎರಡಕ್ಕೇ ಕೊಯ್ದಾನ. ಮತ್ತ ಅದೇ ತಪ್ಪು. ಅಜ್ಜಾರ ಬಳ್ಳಿ ಅರ್ಧ ಬೋಳು.

ನಗು ನಿಂತಿತು. ಮಹಾನಂದಾ ಸೆರಗಿನಾಗ ಮುಖ ಮುಚ್ಚಿಕೊಂಡಳು. ಕತ್ತರಿ ಇವನ ಕೈಯಿಂದ ಜಾರಿ ಬಚ್ಚಲ ರಾಡ್ಯಾಗ ಬಿತ್ತು. ಒಬ್ಬರಾದ್ರೂ ಬೈದಿದ್ರ ಓಡಿ ಹೋಗ್ತಿದ್ನೋ ಏನೋ, ಯಾರೂ ಬೈಯಲಿಲ್ಲ, ಅಲ್ಲೇ ನಿಂತ.

ಅಜ್ಜಾರು ಎದ್ರು. ವಯಸ್ಸು ಎಂಬತ್ತೆರಡು, ಬಗ್ಗೋದು ಅಂದ್ರ ಅವರಿಗೆ ಒಂದು ದೊಡ್ಡ ಕೆಲಸ. ಬಗ್ಗಿ ಕತ್ತರಿ ತಗೊಂಡ್ರು. ತಮ್ಮ ಹೆಗಲ ಮ್ಯಾಲಿನ ಕಾವಿ ವಸ್ತ್ರದಿಂದ ರಾಡಿ ಒರೆಸಿದ್ರು, ಎರಡೂ ಬಾಯಿ ಸಾವಕಾಶ ಒರೆಸಿದ್ರು, ಮತ್ತ ಅವನ ಅಂಗೈಯಾಗ ಇಟ್ರು.

“ಆ ಕಡೆ ತೋಳು ಉಳಿದೈತಿ.”

ಸಿದರಾಯ ಬಲಗಡೆ ತೋಳಿನ ಕಡೆ ನೋಡಿದ. “ಅಜ್ಜಾರ, ಅದನ್ನೂ ಕೆಡಿಸಿದ್ರ?”

“ಕೆಡಿಸಿದ್ರ ಕೆಡಸು. ಬುಡ ನೆಲದಾಗ ಐತಿ.”

ಅಷ್ಟೇ ಅಂದಿದ್ದು. ಹೋಗಿ ಮಣಿ ಮ್ಯಾಲೆ ಕುಂತು ಕಣ್ಣು ಮುಚ್ಚಿದ್ರು, ಇವ ಏನ್ ಮಾಡ್ತಾನ ಅಂತ ನೋಡಲೂ ಇಲ್ಲ.

ಸಿದರಾಯ ಬಲಗಡೆ ತೋಳಿಗೆ ಹೋದ. ಮೊದಲನೇ ಕಡ್ಡಿ ಹಿಡಿದು, ಸಾಲಿ ಹುಡುಗರಂಗ ಬಾಯಿಬಿಟ್ಟು ಎಣಿಸಿದ. ಒಂದು, ಎರಡು. ಎರಡಕ್ಕ ಕೈ ನಿಂತೇಬಿಡ್ತು, ರೂಢಿ ಅಂದ್ರ ಹಂಗ ನೋಡ್ರಿ. ಆಗ ಕಂಪೌಂಡ್ ಕಡಿಂದ ಯಾರೋ “ಮೂರು” ಅಂದ್ರು. ಯಾರಂತೀರಿ, ಬಂಗಾರೆವ್ವ. ನಗಲಿಲ್ಲ ಆಕಿ. ನಾಲ್ಕು ಅಂತ ಇವ ಅಂದ, ಐದು ಅಂತ ಅವರೆಲ್ಲಾ ಅಂದ್ರು, ಏಳಕ್ಕ ಬಂದು ಕತ್ತರಿ ಕಚಕ್ ಅಂತು. ಹಿಂಗ ಹದಿನಾಲ್ಕು ಕಡ್ಡಿ. ಕಡೀ ನಾಲ್ಕರಾಗ ಅವರು ಸುಮ್ಮನಾದ್ರು, ಇವ ಒಬ್ಬನೇ ಎಣಿಸಿದ, ತಪ್ಪಲಿಲ್ಲ.

ಮುಗಿಸಿ ಬಂದು, ಬೂದಿ ಅಂದ್ರ ಮೂಗು ಮುರೀತಿದ್ದ ಹುಡುಗ, ಯಾರೂ ಹೇಳದನೇ ಅಜ್ಜಾರ ಪಾದದ ಮ್ಯಾಲೆ ಹಣಿ ಇಟ್ಟ, ಎಷ್ಟೊತ್ತಾದ್ರೂ ಎತ್ತಲಿಲ್ಲ. ನಾಳಿಂದ ಕಬ್ಬಿಗೆ ಹೋಗಂಗಿಲ್ಲವ್ವ ಅಂತ ನೆಲದ ಕಡೆ ನೋಡ್ಕೋತನೇ ತಾಯಿಗೆ ಹೇಳಿದ. ಅಜ್ಜಾರು ಅವನ ಬೆನ್ನ ಮ್ಯಾಲೆ ಕೈ ಇಟ್ಟು, ಕಣ್ಣು ತೆರೀದನೇ ಕುಂತಿದ್ರು.

ಈ ಸಲ ಅರ್ಧ ಬಳ್ಳಿಗೆ ಹಣ್ಣಿಲ್ಲ, ಖರೇ. ಎಷ್ಟು ಮನಿಗೆ ಗೊಂಚಲ ಕಡಿಮಿ ಬೀಳ್ತಾವೋ ಗೊತ್ತಿಲ್ಲ. ಅದಕ್ಕೇ ಕೇಳ್ತೀನಿ, ಎದಿ ಮುಟ್ಟಿ ಹೇಳ್ರಿ. ಹನ್ನೊಂದು ವರ್ಷ ಸಾಕಿದ ಬಳ್ಳಿ, ಅರ್ಧ ಕಣ್ಣ ಮುಂದನೇ ಹಾಳಾಗೈತಿ, ಹಾಳು ಮಾಡಿದವ ಎದುರಿಗೇ ನಿಂತಾನ. ನೀವಾಗಿದ್ರ ಏನ್ ಮಾಡ್ತಿದ್ರಿ?