ಹೊನ್ನೇರಿಯವರು ನುಂಗಿದ ಮಾತು

"ಕೇಳಿರಿ, ಕೇಳಿರಿ! ದೊರೆ ಮಲ್ಲರಸರ ಅಪ್ಪಣೆ! ನಮ್ಮ ಹಾಕಿ ತಂಡ ಈ ವರ್ಷ ಒಂದು ಆಟವನ್ನೂ ಗೆದ್ದಿಲ್ಲ. ತಪ್ಪು ಗೋಲು ಕಾಯುವ ಐಯಣ್ಣನದೆಂದು ಊರು ಹೇಳುತ್ತಿದೆ. ಹುಣ್ಣಿಮೆಯ ದಿನ ಅವನ ತಲೆ ಹೋಗುತ್ತದೆ. ಅಲ್ಲ ಎನ್ನುವವರು ದೊರೆಯ ಮೂರು ಒಗಟು ಬಿಡಿಸಲಿ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಐಯಣ್ಣನ ತಲೆಯ ಜೊತೆಗೇ ಹೋಗುತ್ತದೆ!"

ರಾಜರ ಕಾಲದಲ್ಲಿ ಹಾಕಿ ಎಲ್ಲಿತ್ತು ಎಂದು ಕೇಳುವವರು ಈಗಲೇ ಎದ್ದು ಹೋಗಬಹುದು. ಹೊನ್ನೇರಿಯಲ್ಲಿ ಇತ್ತು. ದೊರೆಯ ಒಬ್ಬನೇ ಮಗ ಆ ತಂಡದ ನಾಯಕನಾಗಿದ್ದ. ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಅವನ ಹೆಸರು ಕಿವಿಗೆ ಬಿದ್ದರೆ ದೊರೆಗೆ ಎದೆ ಒಡೆದಂತಾಗುತ್ತಿತ್ತು. ಆ ಹೆಸರು ಎತ್ತಿದವರ ತಲೆ ಉಳಿಯದು ಎಂದು ಆಜ್ಞೆ ಮಾಡಿಬಿಟ್ಟ. ಪಾಪ, ತಾಳಲಾರದ ದುಃಖ ಅದು.

ಈ ವರ್ಷ ತಂಡಕ್ಕೆ ಮಂಕು ಕವಿದಿತ್ತು. ಆಟ ಶುರುವಾದ ಕೂಡಲೇ ನಮ್ಮವರು ದಿಕ್ಕು ತಪ್ಪಿ ನಿಲ್ಲುತ್ತಿದ್ದರು, ಎದುರಿನವರು ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದರು. ಇವರು ಚೇತರಿಸಿಕೊಳ್ಳುವ ಹೊತ್ತಿಗೆ ಆಟ ಕೈತಪ್ಪಿರುತ್ತಿತ್ತು. ಮೈದಾನದ ಬೇಲಿಯ ಬಳಿ ದಿನವೂ ಜಗಳ.

"ಐಯಣ್ಣ ನಿಂತಲ್ಲೇ ನಿದ್ದೆ ಹೊಡೀತಾನೆ ಕಣ್ರೋ!"

"ಅವನೊಬ್ಬನ್ನೇ ಯಾಕೆ ಅಂತೀಯ? ಕಲಿಸೋ ಮೇಷ್ಟ್ರಿಗೆ ಮೊದ್ಲು ಬುದ್ಧಿ ಇರ್ಬೇಕು."

"ಹಸಿ ಮರದ ಕೋಲು ಕೊಟ್ಟರೆ ಯಾರು ತಾನೇ ಆಡ್ತಾರೆ?"

ಹೀಗೆ ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ಒಂದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಡಂಗುರ ಕೇಳಿ ಮೊದಲು ಅರಮನೆಗೆ ಬಂದವನು ಕುದುರೆ ವ್ಯಾಪಾರಿ. ದೊರೆ ಕೇಳಿದ: "ಒಂದು ಮನೆಗೆ ಬಾಗಿಲಿಲ್ಲ. ಅತಿಥಿ ಒಳಗೆ ಬಂದರೆ ಮನೆಯವರು ಅಳುತ್ತಾರೆ, ಪರರು ಕುಣಿಯುತ್ತಾರೆ. ಯಾವುದದು?"

"ಸ್ಮಶಾನ," ಎಂದ ವ್ಯಾಪಾರಿ. ಅವನನ್ನು ಸೆರೆಗೆ ಎಳೆದುಕೊಂಡು ಹೋದರು. ಮೀಸೆ ತಿರುವುತ್ತ ಬಂದ ಮಂತ್ರಿಯ ಅಳಿಯ "ಸೆರೆಮನೆ" ಎಂದ. ಅವನೂ ಅಲ್ಲಿಗೇ ಹೋದ. ಆಮೇಲೆ ಯಾರೂ ಅರಮನೆಯ ಕಡೆ ತಲೆ ಹಾಕಲಿಲ್ಲ.

ಹುಣ್ಣಿಮೆಗೆ ಒಂದು ದಿನ ಉಳಿದಾಗ ಐಯಣ್ಣನ ತಂಗಿ ಪೂವಿ ಬಂದಳು. ಬುಟ್ಟಿ ಹೆಣೆದು ಬದುಕುವ ಹುಡುಗಿ. ಅಪ್ಪ ಅಮ್ಮ ಇಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವನು ಆ ಅಣ್ಣನೇ. ಬೇಡಿ ಹಾಕಿಸಿಕೊಂಡು ಸಭೆಯಲ್ಲಿ ನಿಂತಿದ್ದ ಐಯಣ್ಣ ಅವಳನ್ನು ಕಂಡು "ಬೇಡ ಕಣೇ, ಮನೆಗೆ ಹೋಗು," ಎಂದ. ಅವಳು ಹೋಗಲಿಲ್ಲ.

ಮೊದಲ ಒಗಟಿಗೆ ಅವಳೆಂದಳು: "ಗೋಲು, ಬುದ್ಧಿ. ನಮ್ಮಣ್ಣ ಕಾಯೋ ಮನೆ."

ದೊರೆ ತಲೆದೂಗಿ ಎರಡನೆಯದನ್ನು ಕೇಳಿದ: "ಕೂಸಾಗಿದ್ದಾಗ ನಿನಗೆ ಕೊಟ್ಟದ್ದು. ನಿನ್ನದೇ ಆದರೂ ಬಳಸುವವರು ಬೇರೆಯವರು. ನೀನು ಹೋದ ಮೇಲೂ ಉಳಿಯುತ್ತದೆ, ಯಾರಾದರೂ ಬಾಯಲ್ಲಿ ಇಟ್ಟುಕೊಂಡರೆ ಮಾತ್ರ."

"ಹೆಸರು, ಬುದ್ಧಿ."

"ಸರಿ. ಮೂರನೆಯದಕ್ಕೆ ನನಗೂ ಉತ್ತರ ಗೊತ್ತಿಲ್ಲ. ನಿಜವಾದ ಉತ್ತರ ಬಂದರೆ ನನ್ನ ಎದೆಗೆ ತಿಳಿಯುತ್ತದೆ. ನನ್ನ ತಂಡ ಆಟ ಶುರುವಾದಾಗಲೇ ಸೋಲುವುದು ಯಾರ ತಪ್ಪಿನಿಂದ?"

ಪೂವಿಗೆ ಉತ್ತರ ಗೊತ್ತಿತ್ತು. ಹೇಳದಿದ್ದರೆ ಅಣ್ಣನ ಜೊತೆ ಅವಳೂ ಸಾಯಬೇಕು. ಹೇಳಿದರೆ ದೊರೆಯ ಆಜ್ಞೆ ಮುರಿದು ಸಾಯಬೇಕು.

"ಚೆಂಡು ಸಿಕ್ಕಿದವನು ಜೊತೆಯವನಿಗೆ ಏನಂತ ಕೂಗಬೇಕು, ಬುದ್ಧಿ?"

ದೊರೆ ಬಾಯಿ ತೆರೆದ. ಮಾತು ಹೊರಡಲಿಲ್ಲ.

"ಮುಂದೆ," ಎಂದಳು ಪೂವಿ. "ಮುಂದೆ ಅಂತ ಕೂಗಬೇಕು. ನಿಮ್ಮ ಮಗ ಮುಂದಣ್ಣ ಇದ್ದಾಗ ಹಾಗೇ ಕೂಗ್ತಿದ್ರು."

ಸಭೆ ಕಣ್ಣು ಮುಚ್ಚಿಕೊಂಡಿತು. ನಾನೂ ಇಲ್ಲಿಯವರೆಗೆ ಆ ಮಾತು ಆಡದೆ ಕತೆ ಹೇಳಿದ್ದೇನೆ, ಬೇಕಾದರೆ ತಿರುಗಿ ನೋಡಿ. ಕೂಸಾಗಿದ್ದಾಗ ಬಿಟ್ಟಲ್ಲಿ ನಿಲ್ಲದೆ ಮುಂದೆ ಮುಂದೆ ತೆವಳುತ್ತಿದ್ದನೆಂದು ಅಜ್ಜಿ ಇಟ್ಟ ಹೆಸರು ಅದು. ದೊರೆ ತಡೆದದ್ದು ಹೆಸರನ್ನು ಮಾತ್ರ. ಹೆದರಿದ ಊರು, ಹೆಸರಿನಂತೆ ಕೇಳಿಸುವ ಮಾತನ್ನೂ ಜೊತೆಗೇ ನುಂಗಿತು. ದಾರಿ ಕೇಳಿದವರಿಗೆ "ಅತ್ತ ಹೋಗಿ" ಎಂದರು. ಕತೆ ಕೇಳುವ ಮಕ್ಕಳ ಬಾಯಿಗೂ ಕೈ ಅಡ್ಡ ಇಟ್ಟರು. ಆಟಗಾರರು "ಅತ್ತ, ಇತ್ತ" ಎಂದು ತೊದಲಿದರು, ಎತ್ತ ಎಂದು ತಿಳಿಯುವಷ್ಟರಲ್ಲಿ ಚೆಂಡು ಐಯಣ್ಣನನ್ನು ದಾಟಿರುತ್ತಿತ್ತು.

"ಹಾಗಾದರೆ ತಪ್ಪು ನನ್ನದೇ?"

"ನಿಮ್ಮದು, ಬುದ್ಧಿ. ನಮ್ಮದೂ ಹೌದು. ನೀವು ಹೆಸರನ್ನ ಹೂತ್ರಿ, ನಾವು ಮಾತನ್ನ ಹೂತ್ವಿ. ಯಾರೂ ಬಾಯಲ್ಲಿ ಇಟ್ಟುಕೊಳ್ಳದಿದ್ರೆ ಹೆಸರು ಸಾಯ್ತದೆ ಅಂತ ಈಗ ನೀವೇ ಅಂದ್ರಲ್ಲ."

ಮಗ ಸತ್ತಾಗಲೂ ಅಳದ ದೊರೆ ಎಲ್ಲರ ಎದುರು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಐಯಣ್ಣನ ಬೇಡಿ ಬಿಚ್ಚಿಸಿದ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಟ್ಟ. "ನಿನಗೇನು ಬೇಕು, ಮಗಳೇ?" ಎಂದ.

"ನಾಳೆಯ ಆಟಕ್ಕೆ ಬನ್ನಿ. ಆ ಮಾತನ್ನ ಮೊದಲು ನೀವೇ ಕೂಗಿ."

ಮರುದಿನ ದೊರೆ ಮೈದಾನದ ಅಂಚಿನಲ್ಲಿ ನಿಂತ. ಮೊದಲ ಸಲ ಬರೀ ಉಸಿರು ಬಂತು. ಎರಡನೆಯ ಸಲ "ಮುಂದೆ!" ಎಂದು ಕೂಗಿದ. ಊರಿಗೆ ಊರೇ ಕೂಗಿತು. ಮೊದಲ ಗೋಲು ನಮ್ಮದಾಯಿತು. ಕೊನೆಗೆ ನಮ್ಮವರೇ ಸೋತರು, ಅದನ್ನೇಕೆ ಮುಚ್ಚಿಡಲಿ? ಆದರೆ ಬೇಲಿಯ ಬಳಿ ಅಂದು ಯಾರೂ ಯಾರನ್ನೂ ಬೈಯಲಿಲ್ಲ.

ಸಂಜೆ ದೊರೆ ಹುಲ್ಲಿನ ಮೇಲೆ ಆಟಗಾರರ ನಡುವೆ ಕುಳಿತು ಮಗನ ಕತೆ ಹೇಳತೊಡಗಿದ. ತೆವಳಿದ್ದು, ಸೌದೆಯ ಕೋಲಿನಲ್ಲಿ ನಿಂಬೆಹಣ್ಣು ಹೊಡೆದು ಅಮ್ಮನಿಂದ ಬೈಸಿಕೊಂಡದ್ದು, ಮೊದಲ ಗೋಲು ಹೊಡೆದು ಅಪ್ಪನ ಕಡೆ ಓಡಿ ಬಂದದ್ದು. ಎಲ್ಲರೂ ನಕ್ಕರು. ಮಳೆಗಾಲದ ಜ್ವರದವರೆಗೆ ಬಂದು ದೊರೆ ಸುಮ್ಮನಾದ.

ಕತೆಯಲ್ಲಿ ಮೈಮರೆತಿದ್ದ ಪೂವಿ ಕೇಳಿಬಿಟ್ಟಳು: "ಮುಂದೆ, ಬುದ್ಧಿ?"

ದೊರೆ ಅವಳ ತಲೆ ಸವರಿದ.

"ಮುಂದೆ ಇಲ್ಲ, ಮಗಳೇ. ಅವನು ಇದ್ದದ್ದು ಅಷ್ಟೇ."